ಎಡ್ಗರ್ ಅಲನ್ ಪೋ: ಕಥೆ ಮೊದಲೋ, ಕಷ್ಟ ಮೊದಲೋ?

ಮಳೆನಾಡಿನ ಓದುಗ

ಹತ್ತೊಂಬತ್ತನೇ ಶತಮಾನದ ಅಮೆರಿಕದ ಭಯಾನಕ ಕಥೆಗಾರ ಪೋ ಬಗ್ಗೆ ಯಾವ ಲೇಖನ ತೆಗೆದರೂ ಅದೇ ಧಾಟಿ. ಮೂರು ವರ್ಷ ತುಂಬುವ ಮೊದಲೇ ತಾಯಿ ಹೋದಳು. ಸಾಕಿದವರು ಕೈಬಿಟ್ಟರು. ಹೆಂಡತಿ ಕ್ಷಯದಿಂದ ತೀರಿಕೊಂಡಳು. ಕುಡಿದ, ಸಾಲ ಮಾಡಿದ, ನಲವತ್ತಕ್ಕೇ ಸತ್ತ. ಆದ್ದರಿಂದ ಸಾಯುವ ಸುಂದರಿಯರ ಬಗ್ಗೆ, ಗೋರಿಗಳ ಬಗ್ಗೆ ಬರೆದ. ಆ 'ಆದ್ದರಿಂದ' ಎಷ್ಟು ಸಲೀಸಾಗಿ ಬಂದು ಕೂರುತ್ತದೆ ಅಲ್ವಾ?

ನಾನೂ ಅದನ್ನೇ ನಂಬಿಕೊಂಡಿದ್ದೆ. ಈ ಸಲದ ಮಳೆಗೆ ನಮ್ಮೂರಲ್ಲಿ ನಾಲ್ಕು ದಿನ ಕರೆಂಟ್ ಇರಲಿಲ್ಲ. ಸುಮ್ನೆ ಕೂರುವ ಬದಲು ಅವನ ಕಥೆಗಳನ್ನು ಅಚ್ಚಾದ ಕ್ರಮದಲ್ಲೇ ಓದೋಣ ಅಂತ ಶುರು ಮಾಡಿದೆ. ಮಗಳ ಹಳೇ ನೋಟ್‌ಬುಕ್ಕಿನಲ್ಲಿ ನಡುವೆ ಗೆರೆ ಎಳೆದು, ಎಡಕ್ಕೆ ಕಥೆ, ಬಲಕ್ಕೆ ಬದುಕು ಅಂತ ಬರೆದುಕೊಂಡೆ. ಎರಡನೇ ಪುಟಕ್ಕೇ ಲೆಕ್ಕ ತಪ್ಪಿತು.

ಹೆಂಡತಿ ವರ್ಜೀನಿಯಾಗೆ ಗಂಟಲಿನಿಂದ ರಕ್ತ ಬಂದದ್ದು 1842ರ ಜನವರಿಯಲ್ಲಿ, ಫಿಲಡೆಲ್ಫಿಯಾದ ಮನೆಯಲ್ಲಿ, ಹಾಡುತ್ತಿರುವಾಗ. ಅದು ಬಲಗಡೆ. ಎಡಗಡೆ ನೋಡಿ. 'ಬೆರೆನಿಸ್' 1835. 'ಮೊರೆಲ್ಲಾ' ಅದೇ ವರ್ಷ. 'ಲಿಜಿಯಾ' 1838. 'ಅಶರ್ ಮನೆತನದ ಪತನ' 1839. ಕಾಯಿಲೆ ಬಿದ್ದು, ಸತ್ತು, ಗೋರಿಯಿಂದಲೋ ಇನ್ನೊಬ್ಬಳ ಮೈಯಿಂದಲೋ ಎದ್ದು ಬರುವ ಹೆಂಗಸರೆಲ್ಲ ಅಷ್ಟರಲ್ಲೇ ಬಂದಾಗಿದೆ. ಆಗ ವರ್ಜೀನಿಯಾ ಆರೋಗ್ಯವಾಗಿ ಓಡಾಡಿಕೊಂಡಿದ್ದಳು.

ನನ್ನನ್ನು ನಿಜಕ್ಕೂ ಹೆದರಿಸಿದ್ದು 'ಎಲಿಯೊನೊರಾ'. ಒಂದು ಕಣಿವೆ. ಅದರಲ್ಲಿ ಮೂರೇ ಜನ: ನಿರೂಪಕ, ಅವನ ತಾಯಿಯ ಸೋದರಿ, ಅವಳ ಮಗಳು. ಆ ಹುಡುಗಿಯ ಮೇಲೆ ಪ್ರೀತಿ ಹುಟ್ಟುತ್ತದೆ. ಅವಳು ಕಾಯಿಲೆಯಿಂದ ಸಾಯುತ್ತಾಳೆ. ಪೋ ಮನೆಯಲ್ಲೂ ಆಗ ಇದ್ದದ್ದು ಮೂರೇ ಜನ: ಅವನು, ಸೋದರತ್ತೆ ಮರಿಯಾ ಕ್ಲೆಮ್, ಅವಳ ಮಗಳು ವರ್ಜೀನಿಯಾ. ಕಥೆ ಹೊರಬಂದದ್ದು 1841ರಲ್ಲಿ. ರಕ್ತ ಕಂಡದ್ದು ಅದಾದ ಮೇಲೆ.

ಅಂದರೆ ಹೆಂಡತಿಯ ಕಾಯಿಲೆ ಕಥೆಗಳಿಗೆ ಕಾರಣ ಅಲ್ಲ. ಹಾಗಾದರೆ ಬದುಕು ಅವನ ಕಥೆಯೊಳಗೆ ಬಂದದ್ದು ಯಾವ ಬಾಗಿಲಿನಿಂದ? ಓದಿದವರು ಹೇಳಿ.

ಧಾರವಾಡದ ಮೇಷ್ಟ್ರು

ಬಾಗಿಲು ಇನ್ನೂ ಹಿಂದೆ ಇದೆ ಸರ್. ಹೆಂಡತಿಯನ್ನು ಬಿಡಿ, ತಾಯಿಯನ್ನು ನೋಡಿ.

ಎಲಿಜಬೆತ್ ಪೋ ನಾಟಕದ ನಟಿ. ಜೂಲಿಯೆಟ್, ಒಫೀಲಿಯಾ ಪಾತ್ರಗಳನ್ನು ಮಾಡಿದವಳು. ಗಂಡನೂ ನಟನೇ. ಅವನು ಮಕ್ಕಳನ್ನು ಬಿಟ್ಟು ಹೋದ. ಅವಳು ರಿಚ್ಮಂಡ್‌ನಲ್ಲಿ 1811ರ ಡಿಸೆಂಬರ್‌ನಲ್ಲಿ ತೀರಿಕೊಂಡಳು. ಕ್ಷಯ ಅಂತಲೇ ಹೇಳುತ್ತಾರೆ. ವಯಸ್ಸು 24. ಎಡ್ಗರ್‌ಗೆ ಇನ್ನೂ ಮೂರು ತುಂಬಿರಲಿಲ್ಲ. ಮೂರು ಮಕ್ಕಳು ಮೂರು ಮನೆಗೆ ಹಂಚಿಹೋದವು. ಅವಳು ಎಡ್ಗರ್‌ಗೆ ಬಿಟ್ಟುಹೋದದ್ದು ತನ್ನದೊಂದು ಪುಟ್ಟ ಚಿತ್ರ, ತಾನೇ ಬರೆದ ಬಾಸ್ಟನ್ ಬಂದರಿನ ಒಂದು ಚಿತ್ರ. ಅದರ ಮೇಲೆ ಮಗನಿಗೆ ಒಂದು ಮಾತು: ನೀನು ಹುಟ್ಟಿದ ಬಾಸ್ಟನ್ನನ್ನು ಪ್ರೀತಿಸು, ನಿನ್ನ ಅಮ್ಮನಿಗೆ ಒಳ್ಳೆಯ ಗೆಳೆಯರು ಸಿಕ್ಕಿದ್ದು ಅಲ್ಲೇ. ಮಗ ದೊಡ್ಡವನಾಗಿ ಬಾಸ್ಟನ್ ಸಾಹಿತಿಗಳನ್ನು ಬಾಯಿಗೆ ಬಂದಂತೆ ಬೈದ, ಅದು ಬೇರೆ ಮಾತು.

ನಾನು ಯೋಚಿಸುವುದು ಇದು. ಈ ಮಗು ಬೆಳೆದದ್ದು ನಾಟಕದವರ ನಡುವೆ. ಅಲ್ಲಿ ಅಮ್ಮ ರಾತ್ರಿ ರಂಗದ ಮೇಲೆ ಸಾಯುತ್ತಾಳೆ, ಪರದೆ ಬಿದ್ದ ಮೇಲೆ ಎದ್ದು ಬಂದು ಎತ್ತಿಕೊಳ್ಳುತ್ತಾಳೆ. ಒಂದು ದಿನ ಮಾತ್ರ ಎದ್ದು ಬರಲಿಲ್ಲ. ಆಮೇಲೆ ಲಿಜಿಯಾ ಏಳುತ್ತಾಳೆ, 'ಅಶರ್' ಕಥೆಯ ಮ್ಯಾಡಲಿನ್ ಏಳುತ್ತಾಳೆ, ಮೊರೆಲ್ಲಾ ಮಗಳ ಮೈಯಲ್ಲಿ ಏಳುತ್ತಾಳೆ.

ತಲೆಹರಟೆ

ಮೇಷ್ಟ್ರೇ, ಕೇಳೋಕೆ ಚೆನ್ನಾಗಿದೆ. ಆದ್ರೆ ಎರಡೂ ಮುಕ್ಕಾಲು ವರ್ಷದ ಕೂಸಿಗೆ ಇದೆಲ್ಲ ನೆನಪಿರುತ್ತಾ? ನನಗೆ ಐದನೇ ಕ್ಲಾಸಿನ ಮೇಡಂ ಹೆಸರೇ ನೆನಪಿಲ್ಲ.

ಧಾರವಾಡದ ಮೇಷ್ಟ್ರು

ನೆನಪು ಇರಬೇಕಿಲ್ಲರೀ, ಕೊರತೆ ಇದ್ದರೆ ಸಾಕು. ಆದರೆ ನಿಮ್ಮ ಮಾತನ್ನು ಒಪ್ಪುತ್ತೇನೆ, ಈ ದಾರಿಯಲ್ಲಿ ಜಾಸ್ತಿ ದೂರ ಹೋದರೆ ಹಳ್ಳ. ಮರಿ ಬೊನಾಪಾರ್ಟ್ ಅನ್ನುವ ಮನೋವಿಶ್ಲೇಷಕಿ 1933ರಲ್ಲಿ ಪೋ ಮೇಲೆ ಒಂದು ಭಾರೀ ಪುಸ್ತಕ ಬರೆದಳು. ಫ್ರಾಯ್ಡ್ ಮುನ್ನುಡಿ. ಅವಳ ಪ್ರಕಾರ ಪೋ ಕಥೆಗಳ ಬೆಕ್ಕೂ ಅಮ್ಮ, ಹಡಗೂ ಅಮ್ಮ, ಮನೆಯೂ ಅಮ್ಮ. ಎಲ್ಲ ಬೀಗಕ್ಕೂ ಒಂದೇ ಕೀಲಿಕೈ ಆದಾಗ, ಅಲ್ಲಿ ಬೀಗವೇ ಇರಲಿಲ್ಲವೇನೋ ಅನ್ನಿಸುತ್ತದೆ.

ನೆನಪಿಗೇ ಬರುವುದಾದರೆ ಇನ್ನೊಂದು ಸಾವು ಇದೆ. ಸಾಕುತಾಯಿ ಫ್ರಾನ್ಸಿಸ್ ಅಲನ್, 1829ರ ಫೆಬ್ರವರಿ ಕೊನೆಯ ದಿನ. ಪೋ ಆಗ ಸೈನ್ಯದಲ್ಲಿದ್ದ. ರಜೆ ಹಾಕಿ ಓಡಿ ಬಂದ. ಬರುವಷ್ಟರಲ್ಲಿ ಮಣ್ಣು ಮಾಡಿ ಒಂದು ದಿನ ಆಗಿತ್ತು. ಮುಖ ನೋಡಲು ಸಿಗಲಿಲ್ಲ. ಮುಚ್ಚಿದ ಗೋರಿಯ ಮುಂದೆ ಇಪ್ಪತ್ತರ ಹುಡುಗ. ಅವನ ಕಥೆಗಳಲ್ಲಿ ಗೋರಿ ಸರಿಯಾಗಿ ಮುಚ್ಚಿಕೊಂಡಿರುವುದೇ ಅಪರೂಪ, ನೋಡಿ.

ಸುದ್ದಿಮನೆ

ನೀವಿಬ್ಬರೂ ಅವನ ಹೊಟ್ಟೆಪಾಡನ್ನು ಮರೆತಿದ್ದೀರಿ.

ಇಪ್ಪತ್ತು ವರ್ಷ ಪತ್ರಿಕೆಯಲ್ಲಿ ಕೆಲಸ ಮಾಡಿದವನು ನಾನು. ಪೋನಲ್ಲಿ ನನಗೆ ಕಾಣುವುದು ಮೊದಲು ಒಬ್ಬ ಸಂಪಾದಕ. 1835ರ ಮಾರ್ಚ್‌ನಲ್ಲಿ 'ಬೆರೆನಿಸ್' ಅಚ್ಚಾಯಿತು. ಮದುವೆ ಗೊತ್ತಾಗಿದ್ದ ನೆಂಟರ ಹುಡುಗಿಯನ್ನು ಹೂತ ಮೇಲೆ, ಅವಳ ಹಲ್ಲುಗಳನ್ನು ಕಿತ್ತು ತರುವ ಕಥೆ. ಆಮೇಲೆ ಗೊತ್ತಾಗುತ್ತದೆ, ಅವಳು ಸತ್ತೇ ಇರಲಿಲ್ಲ. ರಿಚ್ಮಂಡ್‌ನ 'ಸದರ್ನ್ ಲಿಟರರಿ ಮೆಸೆಂಜರ್' ಮಾಲೀಕ ಥಾಮಸ್ ವೈಟ್‌ಗೆ ಇದು ತೀರಾ ಅತಿಯಾಯಿತು ಅನ್ನಿಸಿತು. ಏಪ್ರಿಲ್ 30ಕ್ಕೆ ಪೋ ಅವನಿಗೆ ಬರೆದ ಕಾಗದ ಓದಿ. ಹೌದು, ಘೋರ ಜಾಸ್ತಿಯಾಯಿತು ಅಂತ ಒಪ್ಪುತ್ತಾನೆ. ಇಂಥ ವಿಷಯದ ಮೇಲೆ ಕಥೆ ಬರೆಯಲು ಆಗಲ್ಲ ಅಂತ ಯಾರೋ ಪಂಥ ಕಟ್ಟಿದ್ದರು, ಅದಕ್ಕೆ ಬರೆದೆ ಅನ್ನುತ್ತಾನೆ. ಆಮೇಲೆ ಪಾಠ ಶುರು. ಹೆಸರು ಮಾಡಿದ ಪತ್ರಿಕೆಗಳೆಲ್ಲ ಇಂಥ ಕಥೆಗಳಿಂದಲೇ ಹೆಸರು ಮಾಡಿದ್ದು. ಹೆದರಿಕೆಯನ್ನು ಘೋರದವರೆಗೆ ಎಳೆಯಬೇಕು, ನಗೆಯನ್ನು ವಿಕಾರದವರೆಗೆ. ಜನ ಮೆಚ್ಚಬೇಕು ಅಂದರೆ ಮೊದಲು ಜನ ಓದಬೇಕು.

ಇದು ಹುಚ್ಚು ಹಿಡಿದವನ ಮಾತಾ? ಸರ್ಕ್ಯುಲೇಷನ್ ಮ್ಯಾನೇಜರ್ ಮಾತು. 1838ರಲ್ಲಿ ಬ್ರಿಟನ್ನಿನ ಬ್ಲ್ಯಾಕ್‌ವುಡ್ ಪತ್ರಿಕೆಯ ಶೈಲಿಯ ಭಯಾನಕ ಕಥೆಗಳನ್ನು ಅವನೇ ಅಣಕಿಸಿ ಬರೆದಿದ್ದಾನೆ. ಯಾವುದು ಓಡುತ್ತದೆ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಆದರೂ ದುಡ್ಡು ಬರಲಿಲ್ಲ. ಕಾರಣ ಕುಡಿತ ಒಂದೇ ಅಲ್ಲ. ಆಗ ಹೊರದೇಶದ ಲೇಖಕರಿಗೆ ಅಮೆರಿಕದಲ್ಲಿ ಕಾಪಿರೈಟ್ ಇರಲಿಲ್ಲ, ಬಂದದ್ದು 1891ರಲ್ಲಿ. ಇಂಗ್ಲೆಂಡಿನ ಕಾದಂಬರಿಕಾರ ಡಿಕನ್ಸ್‌ನನ್ನು ಪುಕ್ಕಟೆ ಅಚ್ಚು ಹಾಕಬಹುದಾದಾಗ ಊರಿನ ಲೇಖಕನಿಗೆ ಯಾರು ಕಾಸು ಕೊಡುತ್ತಾರೆ? ಅವನ ಮೊದಲ ಕಥಾಸಂಕಲನದ ಎರಡು ಸಂಪುಟ 1839ರ ಕೊನೆಗೆ ಬಂದವು, 750 ಪ್ರತಿ. ಅವನಿಗೆ ಸಿಕ್ಕ ಸಂಭಾವನೆ ಇಪ್ಪತ್ತು ಪ್ರತಿ. ಲೇಖಕ ಪ್ರತಿ ಕೊಟ್ಟು ಕೈತೊಳೆದುಕೊಳ್ಳುವ ಪದ್ಧತಿ ನಮಗೇನು ಹೊಸದಲ್ಲ ಬಿಡಿ.

ಬಾಲ್ಟಿಮೋರ್ ಕಡೆಯವಳು

ನಾನು ಮೇರಿಲ್ಯಾಂಡಿನಲ್ಲಿದ್ದೇನೆ, ಹನ್ನೊಂದು ವರ್ಷ ಆಯಿತು. ಬಾಲ್ಟಿಮೋರ್‌ನ ಆಮಿಟಿ ಸ್ಟ್ರೀಟಿನಲ್ಲಿ ಪೋ ಇದ್ದ ಮನೆ ಈಗ ಮ್ಯೂಸಿಯಂ. ನಮ್ಮ ಅಪ್ಪ ಅಮ್ಮ ಬಂದಾಗ ಕರೆದುಕೊಂಡು ಹೋಗಿದ್ದೆ. ಸುದ್ದಿಮನೆ ಸರ್ ಹೊಟ್ಟೆಪಾಡು ಅಂದರಲ್ಲ, ಅದನ್ನು ಆ ಮನೆಯ ಮೆಟ್ಟಿಲಲ್ಲಿ ನೋಡಬಹುದು.

ಇಟ್ಟಿಗೆಯ ಪುಟ್ಟ ಮನೆ. ಮೇಲಕ್ಕೆ ಹೋಗುವ ಮೆಟ್ಟಿಲು ತಿರುಗಿಕೊಂಡು ಹೋಗುತ್ತದೆ, ಎಷ್ಟು ಇಕ್ಕಟ್ಟು ಅಂದರೆ ಇಬ್ಬರು ಎದುರಾದರೆ ಒಬ್ಬರು ವಾಪಸ್ ಇಳಿಯಬೇಕು. ಅಮ್ಮ ಸೀರೆ ನೆರಿಗೆ ಎತ್ತಿ ಹಿಡಿದು, ಗೋಡೆಗೆ ಕೈ ಊರಿಕೊಂಡು ಹತ್ತಿದರು. ಅಟ್ಟದ ಕೋಣೆಯಲ್ಲಿ ಮಾಡು ಓರೆಯಾಗಿ ಇಳಿದಿದೆ. ನಡುವೆ ಮಾತ್ರ ನೆಟ್ಟಗೆ ನಿಲ್ಲಬಹುದು. "ಇದರೊಳಗೆ ಇಷ್ಟು ಜನ ಹೇಗೆ ಇದ್ರು?" ಅಂದರು ಅಪ್ಪ.

ಇದ್ದದ್ದು ಪೋ, ಅತ್ತೆ ಮರಿಯಾ, ಹುಡುಗಿ ವರ್ಜೀನಿಯಾ, ಜೊತೆಗೆ ಹಾಸಿಗೆ ಹಿಡಿದ ಅಜ್ಜಿ. ಅಜ್ಜಿಯ ಗಂಡ ಸ್ವಾತಂತ್ರ್ಯ ಯುದ್ಧದಲ್ಲಿ ಕೆಲಸ ಮಾಡಿದವರು, ಆ ಲೆಕ್ಕಕ್ಕೆ ಅಜ್ಜಿಗೆ ವರ್ಷಕ್ಕೆ 240 ಡಾಲರ್ ಪಿಂಚಣಿ. ಮನೆ ನಡೆಯುತ್ತಿದ್ದದ್ದು ಹೆಚ್ಚುಕಡಿಮೆ ಅದರಲ್ಲೇ. 1835ರ ಜುಲೈನಲ್ಲಿ ಅಜ್ಜಿ ತೀರಿಕೊಂಡರು, ಪಿಂಚಣಿ ನಿಂತಿತು. ಮರುವರ್ಷ ಮೇ ತಿಂಗಳಲ್ಲಿ ಪೋ ವರ್ಜೀನಿಯಾಳನ್ನು ಮದುವೆಯಾದ. ಅವನಿಗೆ 27, ಅವಳಿಗೆ 13. ಇದನ್ನು ಓದುವಾಗ ಹೊಟ್ಟೆ ತೊಳಸುತ್ತದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ಆ ಕಾಲ ಹಾಗಿತ್ತು ಅನ್ನುವವರಿಗೆ: ಅಲ್ಲೂ ಆಗ ಅದು ತೀರಾ ಚಿಕ್ಕ ವಯಸ್ಸೇ. ಮದುವೆ ಕಾಗದದಲ್ಲಿ ಅವಳಿಗೆ 21 ಅಂತ ಬರೆಸಿದ್ದರು.

ಓದುಗ ಅವರೇ, ನಿಮ್ಮ ನೋಟ್‌ಬುಕ್ಕಿಗೆ ಇದನ್ನು ಸೇರಿಸಿ. 'ಬೆರೆನಿಸ್' ಬಂದಾಗ ಅವನು ಇದ್ದದ್ದು ಇದೇ ಮನೆಯಲ್ಲಿ. ಮೇಲೆ ಇವನು ಬರೆಯುತ್ತಿದ್ದಾನೆ. ಕೆಳಗೆ ಅಜ್ಜಿ ಹಾಸಿಗೆಯಲ್ಲಿ. ಬೆಳೆಯುತ್ತಿರುವ ಅತ್ತೆ ಮಗಳು ಓಡಾಡಿಕೊಂಡಿದ್ದಾಳೆ. 1831ರಲ್ಲಿ, ಇದಕ್ಕಿಂತ ಮುಂಚಿನ ಮನೆಯಲ್ಲಿ, ಅವನ ಅಣ್ಣ ಹೆನ್ರಿ 24ಕ್ಕೇ ಸತ್ತಿದ್ದ. ಕಾಯಿಲೆ ಅವನಿಗೆ ವರ್ಜೀನಿಯಾಳಿಂದ ಗೊತ್ತಾಗಬೇಕಿರಲಿಲ್ಲ, ಮನೆಯಲ್ಲೇ ಇತ್ತು.

ಶಾಸ್ತ್ರಿ ಡಾಕ್ಟ್ರು

ಎದೆರೋಗದ ವೈದ್ಯ ನಾನು, ಈಗ ನಿವೃತ್ತ. ಸಾಹಿತ್ಯ ಗೊತ್ತಿಲ್ಲ, ಕ್ಷಯ ಗೊತ್ತು.

ಜರ್ಮನಿಯ ವಿಜ್ಞಾನಿ ಕೋಖ್ ಕ್ಷಯದ ಕ್ರಿಮಿ ಕಂಡುಹಿಡಿದದ್ದು 1882. ಔಷಧ ಬಂದದ್ದು 1940ರ ದಶಕದಲ್ಲಿ. ಅಲ್ಲಿಯವರೆಗೆ ಇದು ಒಂದೇ ಸಲಕ್ಕೆ ಕೊಲ್ಲುವ ಕಾಯಿಲೆ ಅಲ್ಲ. ರಕ್ತ ಬರುತ್ತದೆ, ಮನೆಯವರು ಮುಗಿಯಿತು ಅಂದುಕೊಳ್ಳುತ್ತಾರೆ. ಹದಿನೈದು ದಿನಕ್ಕೆ ಜ್ವರ ಇಳಿಯುತ್ತದೆ, ಕೆನ್ನೆ ಕೆಂಪಾಗುತ್ತದೆ, ಊಟ ಸೇರುತ್ತದೆ. ಗುಣವಾಯಿತು ಅಂತ ಹರಕೆ ತೀರಿಸಿ ಬರುತ್ತಾರೆ. ಮತ್ತೆ ರಕ್ತ. ನಮ್ಮ ಅಜ್ಜನ ತಂಗಿ ಹೀಗೆ ಆರು ವರ್ಷ ಇದ್ದರಂತೆ. ಅವರ ಲೋಟ ತಟ್ಟೆಗೆ ಬೇರೆ ಗೂಡು. ಮನೆಯಲ್ಲಿ 'ಕ್ಷಯ' ಅನ್ನುವ ಪದ ಯಾರೂ ಎತ್ತುತ್ತಿರಲಿಲ್ಲ, 'ಆ ಕೆಮ್ಮು' ಅನ್ನುತ್ತಿದ್ದರು.

ವರ್ಜೀನಿಯಾ ಕೂಡ ಐದು ವರ್ಷ ಹೀಗೇ ಇದ್ದಳು. 1842ರ ಜನವರಿಯಿಂದ 1847ರ ಜನವರಿ 30ರವರೆಗೆ. ಅವಳು ಸತ್ತ ಮರುವರ್ಷ, 1848ರ ಜನವರಿ 4ಕ್ಕೆ, ಪೋ ಜಾರ್ಜ್ ಎವೆಲೆತ್ ಅನ್ನುವ ಓದುಗನಿಗೆ ಒಂದು ಕಾಗದ ಬರೆದ. ಅದನ್ನು ಓದಿದಾಗ ನನಗೆ ಕೇಸ್ ಶೀಟ್ ಓದಿದ ಹಾಗಾಯಿತು. ಹಾಡುವಾಗ ರಕ್ತನಾಳ ಒಡೆಯಿತು. ಶಾಶ್ವತವಾಗಿ ಬೀಳ್ಕೊಟ್ಟೆ. ಅರ್ಧ ಚೇತರಿಸಿಕೊಂಡಳು, ಮತ್ತೆ ಆಸೆ ಹುಟ್ಟಿತು. ವರ್ಷಕ್ಕೆ ಮತ್ತೆ ಒಡೆಯಿತು. ಮತ್ತೆ, ಮತ್ತೆ, ಮತ್ತೆ ಅಂತ ಸಾಲಾಗಿ ಬರೆಯುತ್ತಾನೆ. ಪ್ರತಿ ಸಲವೂ ಅವಳ ಸಾವಿನ ಪೂರ್ತಿ ಸಂಕಟ ಅನುಭವಿಸಿದೆ ಅನ್ನುತ್ತಾನೆ. ಹುಚ್ಚು ಹಿಡಿಯಿತಂತೆ, ನಡುನಡುವೆ ಬುದ್ಧಿ ನೆಟ್ಟಗಿರುವ ಘೋರವಾದ ದೀರ್ಘ ಕಾಲ. ಘೋರವಾಗಿದ್ದದ್ದು ಹುಚ್ಚಲ್ಲ, ನೆಟ್ಟಗಿದ್ದ ಬುದ್ಧಿ! ಜನ ಕುಡಿತದಿಂದ ಹುಚ್ಚು ಅಂದರು, ಹುಚ್ಚಿನಿಂದ ಕುಡಿತ ಅಂತ ಯಾರೂ ಅನ್ನಲಿಲ್ಲ ಅಂತಲೂ ಬರೆದಿದ್ದಾನೆ.

ಈಗ ಒಂದು ವಿಷಯ. ರಕ್ತ ಕಂಡ ನಾಲ್ಕು ತಿಂಗಳಿಗೆ, 1842ರ ಮೇ ತಿಂಗಳಲ್ಲಿ, 'ಕೆಂಪು ಸಾವಿನ ಛದ್ಮವೇಷ' ಬಂತು. ರಾಜಕುಮಾರ ಕೋಟೆಯ ಬಾಗಿಲಿಗೆ ಬೆಸುಗೆ ಹಾಕಿಸಿ ಒಳಗೆ ಕುಣಿತ ಇಟ್ಟುಕೊಳ್ಳುತ್ತಾನೆ, ಪಿಡುಗು ಹೇಗೋ ಒಳಗೆ ಬಂದೇ ಬರುತ್ತದೆ. ಮುಖದ ತುಂಬ ರಕ್ತ. ಇದನ್ನು ಕ್ಷಯದ ಕಥೆ ಅಂತ ಹಲವರು ಹೇಳುತ್ತಾರೆ. ಆದರೆ ಆ ಪಿಡುಗು ತಗಲಿ, ಏರಿ, ಮುಗಿಯಲು ಅರ್ಧ ಗಂಟೆ ಸಾಕು ಅಂತ ಕಥೆಯ ಮೊದಲಲ್ಲೇ ಬರುತ್ತದೆ. ಕ್ಷಯ ಹಾಗಲ್ಲ. 1832ರಲ್ಲಿ ಅಮೆರಿಕದ ಆ ಕಡೆಯ ಊರುಗಳಿಗೆ ಕಾಲರಾ ಬಂದಿತ್ತು, ಅದರ ನೆನಪೂ ಇರಬಹುದು. ನನಗೆ ಅನ್ನಿಸುವುದು ಬೇರೆ. ರೋಗಿಯ ಪಕ್ಕ ಕೂತವರನ್ನು ಬಹಳ ನೋಡಿದ್ದೇನೆ. 'ಏನಾಗಬೇಕೋ ಬೇಗ ಆಗಿಬಿಡಲಿ' ಅಂತ ಒಂದು ಕ್ಷಣ ಅನ್ನಿಸಿ, ಮರುಕ್ಷಣ ತಮ್ಮನ್ನೇ ಶಪಿಸಿಕೊಳ್ಳುತ್ತಾರೆ. ವರ್ಷಗಟ್ಟಲೆ ಎಳೆಯುವ ಕಾಯಿಲೆಯನ್ನು ಇವನು ಅರ್ಧ ಗಂಟೆಗೆ ಇಳಿಸಿದ.

ಮಳೆನಾಡಿನ ಓದುಗ

ಡಾಕ್ಟ್ರೇ, ನಿಮ್ಮ ಕೊನೆಯ ಸಾಲು ಓದಿ ಎದ್ದು ಹೋಗಿ ನೋಟ್‌ಬುಕ್ ತಂದೆ.

1842ರ ನಂತರದ ಎಡಗಡೆಯನ್ನು ಮತ್ತೆ ನೋಡಿದೆ. ಮೊದಲಿನ ಕಥೆಗಳಲ್ಲಿ ಭಯ ಬರುವುದು ಹೆಣ್ಣಿನಿಂದ. ಅವಳು ಸಾಯುತ್ತಾಳೆ, ಅವಳು ಏಳುತ್ತಾಳೆ, ಗಂಡಸು ನಡುಗುತ್ತಾ ನೋಡುತ್ತಾನೆ. 1843ರಲ್ಲಿ ಬಂದ 'ಮಾತಾಡುವ ಹೃದಯ', 'ಕಪ್ಪು ಬೆಕ್ಕು' ಎರಡರಲ್ಲೂ ಯಾರೂ ಗೋರಿಯಿಂದ ಏಳುವುದಿಲ್ಲ. ಭಯ ಇರುವುದು 'ನಾನು' ಅನ್ನುವವನೊಳಗೆ. 'ಮಾತಾಡುವ ಹೃದಯ'ದ ಕೊಲೆಗಾರ ಮುದುಕನ ಬಾಗಿಲನ್ನು ಏಳು ರಾತ್ರಿ ಒಂದೇ ಹೊತ್ತಿಗೆ ಸದ್ದಿಲ್ಲದೆ ತೆರೆದು, ಲಾಟೀನಿನ ಒಂದೇ ಎಳೆ ಬೆಳಕನ್ನು ಮುದುಕನ ಕಣ್ಣಿನ ಮೇಲೆ ಬಿಟ್ಟು ಕಾಯುತ್ತಾನಲ್ಲ, ಆ ಭಾಗ ಓದಿ. ರೋಗಿಯ ಕೋಣೆಗೆ ನಡುರಾತ್ರಿ ಹೋಗಿ ಉಸಿರಾಡುತ್ತಿದ್ದಾರಾ ಅಂತ ನೋಡುವವರು ಹೀಗೇ ಬಾಗಿಲು ತೆರೆಯುವುದು. ನಮ್ಮ ತಂದೆ ಹಾಸಿಗೆ ಹಿಡಿದಿದ್ದ ಕೊನೆಯ ತಿಂಗಳು ನಾನು ಹಾಗೇ ತೆರೆಯುತ್ತಿದ್ದೆ. ಕದ ಕಿರುಗುಟ್ಟದಿರಲಿ ಅಂತ ಚಿಲಕಕ್ಕೆ ಕೊಬ್ಬರಿ ಎಣ್ಣೆ ಬಿಟ್ಟಿದ್ದೆ.

ಮುದುಕ ವರ್ಜೀನಿಯಾ ಅಂತ ಹೇಳುತ್ತಿಲ್ಲ. ಕಥೆಯ ಸಾಮಾನೆಲ್ಲ ಅವನ ಹತ್ತಿರ ಮೊದಲೇ ಇತ್ತು: ಗೋರಿ, ಹೆಣ, ಇಕ್ಕಟ್ಟು ಕೋಣೆ. 1842 ಕೊಟ್ಟದ್ದು ಪಕ್ಕದಲ್ಲಿ ಕೂತವನ ಕಣ್ಣು.

ತಲೆಹರಟೆ

ಹಾಗಾದ್ರೆ 'ಕಪ್ಪು ಬೆಕ್ಕು' ಓದಿ ಅವನು ಹೆಂಡತಿಗೆ ಕೊಡಲಿ ಬೀಸಿದ ಅಂತಲೂ ಹೇಳಿಬಿಡಿ ಗುರುಗಳೇ. ಕಥೆಯ 'ನಾನು' ಕುಡುಕ, ಪೋನೂ ಕುಡಿಯುತ್ತಿದ್ದ. ಮುಗೀತು.

ಸುದ್ದಿಮನೆ

ತಲೆಹರಟೆಯವರು ತಮಾಷೆಗೆ ಅಂದದ್ದನ್ನು ಒಬ್ಬ ಗಂಭೀರವಾಗಿ ಮಾಡಿದ. ರೂಫಸ್ ಗ್ರಿಸ್‌ವಲ್ಡ್ ಅನ್ನುವ ಸಂಪಾದಕ.

ಅವನು ಸಂಪಾದಿಸಿದ್ದ ಕವಿತೆಗಳ ಸಂಕಲನವನ್ನು ಪೋ ಟೀಕಿಸಿದ್ದ, ಹಗೆ ಇತ್ತು. ಪೋ ಸತ್ತ ಎರಡನೇ ದಿನ, 1849ರ ಅಕ್ಟೋಬರ್ 9ಕ್ಕೆ, ನ್ಯೂಯಾರ್ಕ್ ಟ್ರಿಬ್ಯೂನ್‌ನಲ್ಲಿ 'ಲುಡ್ವಿಗ್' ಅನ್ನುವ ಸುಳ್ಳು ಹೆಸರಿನಲ್ಲಿ ಶ್ರದ್ಧಾಂಜಲಿ ಬರೆದ. ಸುದ್ದಿ ಕೇಳಿ ಹಲವರು ಬೆಚ್ಚುತ್ತಾರೆ, ದುಃಖಪಡುವವರು ಕೆಲವರೇ ಅಂತ ಆರಂಭ. ಶ್ರದ್ಧಾಂಜಲಿಯೋ ಶಾಪವೋ! ವಿಚಿತ್ರ ಏನೆಂದರೆ ಪೋ ಬರಹಗಳನ್ನು ಒಟ್ಟುಗೂಡಿಸಿ ಅಚ್ಚುಹಾಕುವ ಕೆಲಸವೂ ಅವನ ಕೈಗೇ ಬಂತು. 1850ರಲ್ಲಿ ಅದರ ಜೊತೆಗೇ ಒಂದು ಜೀವನಚರಿತ್ರೆ ಸೇರಿಸಿದ. ಪೋ ಕಾಗದಗಳಲ್ಲಿ ತಾನೇ ಸಾಲು ಸೇರಿಸಿದ, ತಿದ್ದಿದ. ಅದು ಖೋಟಾ ಅಂತ ಪಕ್ಕಾ ದಾಖಲೆ ಸಮೇತ ಹೊರಬಂದದ್ದು 1941ರಲ್ಲಿ, ಆರ್ಥರ್ ಹಾಬ್ಸನ್ ಕ್ವಿನ್ ಬರೆದ ಜೀವನಚರಿತ್ರೆಯಲ್ಲಿ. ತೊಂಬತ್ತೊಂದು ವರ್ಷ!

ಹಾಗಾಗಿ ಓದುಗ ಅವರ ಪ್ರಶ್ನೆಯನ್ನು ತಿರುಗಿಸಿಯೂ ಕೇಳಬೇಕು. ಅವನ ಬದುಕು ಕಥೆಯನ್ನು ರೂಪಿಸಿತೋ, ಇಲ್ಲ ಅವನ ಕಥೆಗಳನ್ನು ನೋಡಿಕೊಂಡು ಗ್ರಿಸ್‌ವಲ್ಡ್ ಅವನಿಗೊಂದು ಬದುಕು ಬರೆದನೋ? ನಾವು ತಲೆಯಲ್ಲಿ ಇಟ್ಟುಕೊಂಡಿರುವ ಕೆದರಿದ ಕೂದಲಿನ ಕುಡುಕ ಪೋ ಅರ್ಧಕ್ಕರ್ಧ ಅವನದೇ ಸೃಷ್ಟಿ.

ಬೆಕ್ಕಿನ ವಿಷಯ: ಪೋ ಮನೆಯಲ್ಲಿ ಕಪ್ಪು ಬೆಕ್ಕು ನಿಜವಾಗಿಯೂ ಇತ್ತು. 1840ರಲ್ಲಿ ಅದರ ಜಾಣತನ ಹೊಗಳಿ ಒಂದು ಪುಟ್ಟ ಬರಹ ಬರೆದಿದ್ದಾನೆ. ಬಾಗಿಲ ಅಗುಳಿ ತಾನೇ ತೆಗೆಯುತ್ತಿತ್ತಂತೆ.

ಹೊಸ ಓದುಗಿ

ನಮಸ್ಕಾರ. ನಾನು ಪಿಯುಸಿಯಲ್ಲಿ ಒಂದೇ ಒಂದು ಕಥೆ ಓದಿದವಳು. ಒಂದು ಸಂದೇಹ. ಪೋ ಪತ್ತೇದಾರಿ ಕಥೆ ಬರೆದಿದ್ದಾನಲ್ವಾ? ಅದರಲ್ಲಿ ಈ ದುಃಖ ಎಲ್ಲಿದೆ?

ಧಾರವಾಡದ ಮೇಷ್ಟ್ರು

ಒಳ್ಳೇ ಪ್ರಶ್ನೆ ಕೇಳಿದಿರಿ. 1841ರ 'ರೂ ಮಾರ್ಗ್ ಕೊಲೆಗಳು' ಪತ್ತೇದಾರಿ ಕಥೆಗೇ ತಾಯಿಬೇರು. ಪೋ ಕಾಲಿಡದ ಪ್ಯಾರಿಸ್, ಬರೀ ತರ್ಕ. 1844ರಲ್ಲಿ ಬಲೂನಿನಲ್ಲಿ ಅಟ್ಲಾಂಟಿಕ್ ದಾಟಿದರು ಅಂತ ಪತ್ರಿಕೆಯಲ್ಲಿ ಸುಳ್ಳು ಸುದ್ದಿ ಬರೆದು ನ್ಯೂಯಾರ್ಕ್‌ನವರನ್ನು ಯಾಮಾರಿಸಿದವನೂ ಇವನೇ. ಅಳುಮುಂಜಿ ಅಲ್ಲವೇ ಅಲ್ಲ.

ಬದುಕು ಕೆಲವು ಕಡೆ ಸೀದಾ ಊರಿನ ಹೆಸರಾಗಿ ಬಂದು ಕೂರುತ್ತದೆ. 18ಕ್ಕೆ ಸುಳ್ಳು ಹೆಸರು ಕೊಟ್ಟು ಸೈನ್ಯ ಸೇರಿದ, ಸಲಿವನ್ ದ್ವೀಪದ ಕೋಟೆಯಲ್ಲಿ ಒಂದು ವರ್ಷ ಇದ್ದ. 1843ರ 'ಚಿನ್ನದ ಜೀರುಂಡೆ' ನಡೆಯುವುದು ಅಲ್ಲೇ. ಅದಕ್ಕೆ ನೂರು ಡಾಲರ್ ಬಹುಮಾನ ಬಂತು. ಚಿಕ್ಕಂದಿನಲ್ಲಿ ಸಾಕಿದವರ ಜೊತೆ ಇಂಗ್ಲೆಂಡಿನಲ್ಲಿ ಐದು ವರ್ಷ ಇದ್ದ. ಅಲ್ಲಿನ ಶಾಲೆ 'ವಿಲಿಯಂ ವಿಲ್ಸನ್' ಕಥೆಯಲ್ಲಿ ಹೆಡ್‌ಮಾಸ್ಟರ್ ಬ್ರಾನ್ಸ್‌ಬಿ ಹೆಸರಿನ ಸಮೇತ ಬಂದಿದೆ. ಆ ಕಥೆಯಲ್ಲಿ ನಾಯಕನನ್ನು ಬೆನ್ನು ಬಿಡದ ಜೋಡಿಯ ಹುಟ್ಟಿದ ದಿನ ಜನವರಿ 19. ಪೋ ಹುಟ್ಟಿದ್ದೂ ಅವತ್ತೇ. ಆ ನಾಯಕ ಜೂಜಾಡುತ್ತಾನೆ. ಪೋ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ 1826ರಲ್ಲಿ ಜೂಜಾಡಿ ಎರಡು ಸಾವಿರ ಡಾಲರ್ ಸಾಲ ಮಾಡಿಕೊಂಡ, ಸಾಕುತಂದೆ ಜಾನ್ ಅಲನ್ ಕೊಡುವುದಿಲ್ಲ ಅಂದ, ಓದು ಅಲ್ಲಿಗೇ ನಿಂತಿತು. ತನ್ನನ್ನು ತಾನೇ ಬೆನ್ನಟ್ಟಿ ಇರಿಯುವ ಕಥೆ ಅದು.

ಬಾಲ್ಟಿಮೋರ್ ಕಡೆಯವಳು

ಹುಟ್ಟಿದ ದಿನ ಅಂದಿರಲ್ಲ ಸರ್, ಇಲ್ಲಿ ವೆಸ್ಟ್‌ಮಿನ್‌ಸ್ಟರ್ ಸ್ಮಶಾನದಲ್ಲಿ ಅವನ ಸಮಾಧಿಯ ಕಲ್ಲಿನ ಮೇಲೆ ಜನವರಿ 20 ಅಂತ ತಪ್ಪು ಕೆತ್ತಿದ್ದಾರೆ. 1875ರಿಂದ ಹಾಗೇ ಇದೆ. ಶಾಲೆ ಮಕ್ಕಳು ಪೈಸೆ ಪೈಸೆ ಕೂಡಿಸಿ ಕಟ್ಟಿಸಿದ ಕಲ್ಲು, ಅದಕ್ಕೆ ಜನ ಈಗಲೂ ಅದರ ಮೇಲೆ ಪೆನ್ನಿ ಇಟ್ಟು ಬರುತ್ತಾರೆ. ಅಪ್ಪ ಜೇಬಲ್ಲಿದ್ದ ಒಂದು ರೂಪಾಯಿ ಇಟ್ಟರು. ಊರಿನ ಫುಟ್‌ಬಾಲ್ ತಂಡಕ್ಕೂ ಅವನ 'ರೇವನ್' (ಕಾಗೆ ಜಾತಿಯ ಹಕ್ಕಿ) ಪದ್ಯದಿಂದಲೇ 'ರೇವನ್ಸ್' ಅಂತ ಹೆಸರು. ಇದ್ದಾಗ ಬಾಡಿಗೆಗೆ ಪರದಾಡಿದವನು!

ಸೊಪ್ಪಿನಹಿತ್ಲು

ರೇವನ್ ಅಂದಾಗ ನೆನಪಾಯಿತು ಮಾರಾಯ್ರೆ. ಆ ಪದ್ಯವನ್ನು ಕನ್ನಡಕ್ಕೆ ತರಲು ನಾಲ್ಕು ಸಲ ಕೂತು ಎದ್ದಿದ್ದೇನೆ. ಸತ್ತ ಪ್ರೇಯಸಿಗಾಗಿ ಕೊರಗುವವನ ಪ್ರಶ್ನೆಗಳಿಗೆಲ್ಲ ಆ ಹಕ್ಕಿ ಹೇಳುವ 'ನೆವರ್‌ಮೋರ್' ಅನ್ನುವುದಕ್ಕೆ ಏನು ಹಾಕುವುದು? 'ಇನ್ನೆಂದೂ ಇಲ್ಲ' ಉದ್ದವಾಯಿತು. 'ಇನ್ನಿಲ್ಲ' ಅಂತ ಇಟ್ಟೆ. ನಮ್ಮಲ್ಲಿ ಪೇಪರಿನಲ್ಲಿ ಯಾರಾದರೂ ತೀರಿಕೊಂಡರೆ 'ಇನ್ನಿಲ್ಲ' ಅಂತ ಹಾಕುತ್ತಾರಲ್ಲ, ಹಾಗಾಗಿ ಪದದೊಳಗೇ ಸಾವಿದೆ. ಆದರೆ 'ನೆವರ್‌ಮೋರ್'ನಲ್ಲಿ ಇರುವ ಎಳೆದ ಓಕಾರ ಹೋಯಿತು. ಆ ಓಕಾರ, ರಕಾರಕ್ಕಾಗಿಯೇ ಆ ಪದ ಆರಿಸಿದೆ ಅಂತ ಪೋ 1846ರ ಲೇಖನದಲ್ಲಿ ಹೇಳಿದ್ದಾನೆ. ಪದ್ಯ ಇಡೀ ಗಣಿತದ ಲೆಕ್ಕದ ಹಾಗೆ ಕಟ್ಟಿದೆ ಅನ್ನುತ್ತಾನೆ.

ಅದೇ ಲೇಖನದಲ್ಲಿ ಇನ್ನೊಂದು ಮಾತಿದೆ. ಹಕ್ಕಿಗೆ ಬರುವುದು ಒಂದೇ ಪದ ಅಂತ ಪ್ರೇಮಿಗೆ ಗೊತ್ತು. ಗೊತ್ತಿದ್ದೂ ಕೇಳುತ್ತಾನೆ. ನೋವು ಹೆಚ್ಚಾಗುವ ಹಾಗೆಯೇ ಪ್ರಶ್ನೆ ಜೋಡಿಸುತ್ತಾನೆ. ತನ್ನನ್ನು ತಾನೇ ಹಿಂಸಿಸಿಕೊಳ್ಳುವ ಆ ಬಾಯಾರಿಕೆ ಮನುಷ್ಯನಿಗೆ ಇರುತ್ತದೆ ಅನ್ನುತ್ತಾನೆ. ಇದನ್ನು ಬರೆಯುವಾಗ ವರ್ಜೀನಿಯಾ ಬದುಕಿದ್ದಳು. ಲೆಕ್ಕ ಅಂತ ಹೇಳಿಕೊಂಡದ್ದು ನಿಜವೋ, ಇಲ್ಲ ಅಳು ಬರದ ಹಾಗೆ ಹಿಡಿದುಕೊಂಡ ಕೈವಸ್ತ್ರವೋ?

ತಲೆಹರಟೆ

ಅವನು ಸತ್ತದ್ದು ಹುಚ್ಚುನಾಯಿ ಕಚ್ಚಿ ಅಂತ ಎಲ್ಲೋ ಓದಿದ್ದೆ. ಹೌದಾ ಡಾಕ್ಟ್ರೇ?

ಶಾಸ್ತ್ರಿ ಡಾಕ್ಟ್ರು

1996ರಲ್ಲಿ ಮೇರಿಲ್ಯಾಂಡಿನ ಒಬ್ಬ ವೈದ್ಯರು ಹಾಗೆ ಊಹಿಸಿದರು. 1849ರ ಅಕ್ಟೋಬರ್ 3, ಬಾಲ್ಟಿಮೋರ್‌ನಲ್ಲಿ ಚುನಾವಣೆಯ ದಿನ, ಮತಗಟ್ಟೆಯಾಗಿದ್ದ ಹೆಂಡದಂಗಡಿಯೊಂದರಲ್ಲಿ ತನ್ನದಲ್ಲದ ಬಟ್ಟೆ ತೊಟ್ಟು ಬಿದ್ದಿದ್ದ. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಹೋದ. ಕಳ್ಳವೋಟು ಹಾಕಿಸಲು ಹಿಡಿದು ಕುಡಿಸಿ ಬಡಿದರು ಅನ್ನುವವರೂ ಇದ್ದಾರೆ. ಕೇಸ್ ಪೇಪರ್ ಇಲ್ಲದೆ ನಾನು ಡಯಾಗ್ನೋಸಿಸ್ ಬರೆಯುವುದಿಲ್ಲ. ಸಾವಿಗೆ ಬೇರೆ ಚರ್ಚೆ ತೆರೆಯಿರಿ.

ಬಾಲ್ಟಿಮೋರ್ ಕಡೆಯವಳು

ಒಂದೇ ಒಂದು ಸೇರಿಸುತ್ತೇನೆ. ಹೋದ ವರ್ಷ ನ್ಯೂಯಾರ್ಕ್‌ಗೆ ಹೋದಾಗ ಬ್ರಾಂಕ್ಸ್‌ನಲ್ಲಿರುವ ಫೋರ್ಡಮ್ ಕಾಟೇಜ್ ನೋಡಿ ಬಂದೆ. ವರ್ಜೀನಿಯಾ ತೀರಿಕೊಂಡ ಮನೆ. ಆ ಮಂಚ ಈಗಲೂ ಅಲ್ಲಿದೆ, ಎಷ್ಟು ಚಿಕ್ಕದು ಅಂದರೆ ಮಗುವಿನದು ಅಂದುಕೊಂಡೆ. ಆ ಚಳಿಗಾಲದಲ್ಲಿ ಮನೆಗೆ ಹೋಗಿದ್ದ ಮೇರಿ ಗೋವ್ ಅನ್ನುವ ಲೇಖಕಿ ಬರೆದಿಟ್ಟಿದ್ದಾಳೆ. ಹುಲ್ಲಿನ ಹಾಸಿಗೆ, ಮೇಲೆ ಬಿಳಿ ದುಪ್ಪಟಿ, ಹೊದೆಯಲು ಪೋನ ದೊಡ್ಡ ಕೋಟು. ಎದೆಯ ಮೇಲೆ ಬೆಕ್ಕು ಮಲಗಿತ್ತು. ಬೆಚ್ಚಗಿರಲು ಇದ್ದದ್ದು ಅವೆರಡೇ, ಜೊತೆಗೆ ಗಂಡ ಅವಳ ಕೈಗಳನ್ನೂ ಅಮ್ಮ ಕಾಲುಗಳನ್ನೂ ಹಿಡಿದು ಕೂರುತ್ತಿದ್ದರು.

'ಕಪ್ಪು ಬೆಕ್ಕು' ಬರೆದವನ ಮನೆ ಅದು.

ಮಳೆನಾಡಿನ ಓದುಗ

ಇದನ್ನು ಬಲಗಡೆ ಬರೆದುಕೊಂಡೆ ಮೇಡಂ. ಜನವರಿ 30, 1847. ಎದುರಿಗೆ ಎಡಗಡೆ ಏನಿದೆ ಅಂತ ನೋಡಿದರೆ, ಅದೇ ಮಾರ್ಚ್‌ನಲ್ಲಿ ಅಚ್ಚಾದ 'ಆರ್ನ್‌ಹೈಮ್'. ಓದಿದ್ದೀರಾ? ಹೆಣ ಇಲ್ಲ, ಗೋರಿ ಇಲ್ಲ, ಕಿರುಚಾಟ ಇಲ್ಲ. ಲೆಕ್ಕವಿಲ್ಲದಷ್ಟು ದುಡ್ಡು ಬಂದವನೊಬ್ಬ ಒಂದು ತೋಟ ಮಾಡುತ್ತಾನೆ. ಹೊಳೆಯ ಮೇಲೆ ದೋಣಿ ತಾನಾಗಿ ತೇಲಿಕೊಂಡು ಹೋಗುತ್ತದೆ. ದಡದಲ್ಲಿ ಒಂದು ಒಣಗಿದ ಎಲೆಯೂ ಇಲ್ಲ, ಒಂದು ಕಡ್ಡಿಯೂ ಇಲ್ಲ. ಅಷ್ಟೇ ಕಥೆ.

ಹೆಂಡತಿ ಹೋದ ಮೇಲೆ ಬರೆದದ್ದಿರಬೇಕು ಅಂತ ಸಂತೋಷವಾಗಿ ಗೆರೆ ಎಳೆಯಲು ಹೋದೆ. ಮತ್ತೆ ಲೆಕ್ಕ ತಪ್ಪಿತು. ಅದರ ಮೊದಲ ರೂಪ 'ಭೂದೃಶ್ಯ ತೋಟ' ಅಂತ ಬಂದದ್ದು 1842ರ ಅಕ್ಟೋಬರ್‌ನಲ್ಲಿ. ಕೆಂಪು ಸಾವು ಮೇ ತಿಂಗಳಲ್ಲಿ, ತೋಟ ಅಕ್ಟೋಬರ್‌ನಲ್ಲಿ. ಒಂದೇ ವರ್ಷ, ಒಂದೇ ಮೇಜು, ಪಕ್ಕದ ಕೋಣೆಯಲ್ಲಿ ಕೆಮ್ಮು.

ನಾಳೆ ಕರೆಂಟ್ ಇದ್ದರೆ ಎರಡೂ ಪುಟದ ಫೋಟೋ ತೆಗೆದು ಹಾಕುತ್ತೇನೆ. ಅಕ್ಷರ ನನ್ನದು, ಸುತ್ತ ಇರುವ ಹೂವಿನ ಚಿತ್ರ ಮಗಳದು.